ಮದ್ದೂರು ಗೇಟಿನಲ್ಲಿ ನೈದರ್–ನಾರ್

ಮದ್ದೂರು ಎಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಬೆಂಗಳೂರು–ಮೈಸೂರು ದಾರಿಯ ಮದ್ದೂರು, ಅಲ್ಲಿನ ವಡೆ. ಈ ಭಾಷಣದಲ್ಲಿ ಬರುವುದು ಮಂಡ್ಯ ಜಿಲ್ಲೆಯ ಆ ಮದ್ದೂರಲ್ಲ, ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು. ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ, ಬಂಡೀಪುರದ ಕಾಡು ಶುರುವಾಗುವ ಕಡೆ, ಅರಣ್ಯ ಇಲಾಖೆಯ ಗೇಟು ಇಲ್ಲಿದೆ. ರಾತ್ರಿ 9 ಗಂಟೆಗೆ ಮುಚ್ಚಿದ ಗೇಟು ತೆರೆಯುವುದು ಬೆಳಿಗ್ಗೆ 6ಕ್ಕೆ. ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುವುದನ್ನು ತಪ್ಪಿಸಲು ಚಾಮರಾಜನಗರ ಜಿಲ್ಲಾಡಳಿತ 2009ರಲ್ಲಿ ರಾತ್ರಿ ಸಂಚಾರವನ್ನು ನಿಷೇಧಿಸಿತು. 2010ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸುಗಳಿಗೆ ಮತ್ತು ಎರಡೂ ರಾಜ್ಯಗಳ ಬೆರಳೆಣಿಕೆಯ ಸರ್ಕಾರಿ ಬಸ್ಸುಗಳಿಗೆ ವಿನಾಯಿತಿ ಸಿಕ್ಕಿತು.

ಇಂಥ ಗೇಟಿನ ಮುಂದೆ ಜನ ಆಡುವ ಮಾತು ಹೇಗಿರುತ್ತದೆ? “ಒಂಬತ್ತು ಹೊಡೀತಿದ್ದಂಗೇ ಗೇಟ್ ಹಾಕ್‌ಬುಟ್ರು.” “ಲಾರೀನೂ ಬುಡಲ್ಲ, ಕಾರೂ ಬುಡಲ್ಲ.” “ಒಂದೋ ಗುಂಡ್ಲುಪೇಟೇಲಿ ಉಳ್ಕೊ, ಇಲ್ಲಾ ಮೈಸೂರಿಗೆ ವಾಪಸ್ ಹೋಗಿ ಕುಟ್ಟದ ಮೇಲೆ ಸುತ್ತಾಕ್ಕೊಂಡು ಹೋಗು.” “ಬೆಳಿಗ್ಗೆ ಆರಕ್ಕೆ ಬುಡ್ತಾರೋ ಇಲ್ವೋ.”

ನಾಲ್ಕೇ ಮಾತು. ನಾಲ್ಕರಲ್ಲೂ ಒಂದು ಸಂಗತಿಯ ಜೊತೆಗೆ ಇನ್ನೊಂದು ಸಂಗತಿ ಜೋಡಿಯಾಗಿ ನಿಂತಿದೆ. ಇವನ್ನು ಇಂಗ್ಲಿಷಿನಲ್ಲಿ ಹೇಳಹೊರಟರೆ ಸಾಲಾಗಿ ಬರುವುದು ನೋ ಸೂನರ್–ದ್ಯಾನ್, ನೈದರ್–ನಾರ್, ಈದರ್–ಆರ್, ವೆದರ್–ಆರ್. ಶಾಲೆಯ ಇಂಗ್ಲಿಷ್ ವ್ಯಾಕರಣದಲ್ಲಿ ಇವಕ್ಕೆ ಕೋರಿಲೇಟಿವ್ ಕಂಜಂಕ್ಷನ್ ಎಂದು ಹೆಸರು; ಕನ್ನಡದಲ್ಲಿ ಜೋಡಿ ಸಂಯೋಜಕ ಎನ್ನಬಹುದು. ಕನ್ನಡ ಮಾಧ್ಯಮದ ಮಕ್ಕಳು ಈ ಪಾಠಕ್ಕೆ ಹೆದರುತ್ತಾರೆ. ಜೋಡಿಗಳನ್ನು ಉರುಹೊಡೆದು ಪರೀಕ್ಷೆಯಲ್ಲಿ ಬರೆದು, ಆಮೇಲೆ ಮರೆಯುತ್ತಾರೆ. ಆದರೆ ಜೋಡಿಯಾಗಿ ಮಾತಾಡುವ ವಿದ್ಯೆ ಈ ಮಕ್ಕಳಿಗೆ ಮನೆಯಲ್ಲೇ ಬಂದಿದೆ. ಅವರಿಗೆ ಹೇಳಿಕೊಡಬೇಕಾದದ್ದು ಒಂದೇ: ಕನ್ನಡ ಯಾವುದನ್ನು ಪದದ ಹಿಂದೆ ಕಟ್ಟುತ್ತದೆಯೋ ಅದನ್ನು ಇಂಗ್ಲಿಷ್ ಪದದ ಮುಂದೆ ಕಟ್ಟುತ್ತದೆ. ಇದು ಮನಸ್ಸಿಗೆ ಇಳಿದರೆ ಮಕ್ಕಳು ಮಾಡುವ ತಪ್ಪುಗಳಲ್ಲಿ ಹೆಚ್ಚಿನವುಗಳ ಕಾರಣ ತಾನಾಗಿ ಕಾಣುತ್ತದೆ.

ಮೊದಲು ಸುಲಭದ ಜೋಡಿ. “ಬಂಡೀಪುರದಲ್ಲಿ ಆನೆಯೂ ಹುಲಿಯೂ ಇವೆ.” ಇಲ್ಲಿ ‘ಊ’ ಎರಡು ಸಲ ಬಂದಿದೆ, ಎರಡೂ ಸಲ ಪದದ ಕೊನೆಗೆ. ಇಂಗ್ಲಿಷಿನಲ್ಲಿ ಇದು “ಬೋತ್ ಎಲಿಫೆಂಟ್ಸ್ ಅಂಡ್ ಟೈಗರ್ಸ್ ಲಿವ್ ಇನ್ ಬಂಡೀಪುರ.” ಆನೆಯ ಹಿಂದಿದ್ದ ‘ಊ’ ಜಾಗಕ್ಕೆ ಆನೆಯ ಮುಂದೆ ‘ಬೋತ್’ ಬಂತು; ಹುಲಿಯ ಹಿಂದಿದ್ದ ‘ಊ’ ಜಾಗಕ್ಕೆ ಹುಲಿಯ ಮುಂದೆ ‘ಅಂಡ್’ ಬಂತು. ಒಂದು ವ್ಯತ್ಯಾಸ ಮಾತ್ರ ನೆನಪಿಡಬೇಕು. ಕನ್ನಡದ ‘ಊ’ಗೆ ಲೆಕ್ಕವಿಲ್ಲ, ಆನೆಯೂ ಹುಲಿಯೂ ಕಾಟಿಯೂ ಕಡವೆಯೂ ಎಂದು ಎಷ್ಟು ಬೇಕಾದರೂ ಪೋಣಿಸಬಹುದು. ‘ಬೋತ್’ ಎರಡಕ್ಕೇ ಮೀಸಲು. ಮೂರನೆಯದು ಬಂತೆಂದರೆ ‘ಬೋತ್’ ಬಿಡಬೇಕು. ಹಾಗೆಯೇ ‘ಬೋತ್’ ಜೊತೆಗೆ ‘ಆಸ್ ವೆಲ್ ಆಸ್’ ಸೇರಿಸುವುದು ತಪ್ಪು. ಅದರ ಜೋಡಿ ‘ಅಂಡ್’ ಮಾತ್ರ.

ಮದ್ದೂರಿನ ಗೇಟಿನಲ್ಲಿ ಈ ‘ಊ’ ಬೇರೆ ಬೇರೆ ದನಿಯಲ್ಲಿ ಕೇಳಿಸುತ್ತದೆ. ಗುಂಡ್ಲುಪೇಟೆ ಮೂರು ರಾಜ್ಯಗಳ ದಾರಿ ಕೂಡುವ ಊರು. ಒಂದು ರಸ್ತೆ ಊಟಿಗೆ, ಒಂದು ವಯನಾಡಿಗೆ, ಒಂದು ಮೈಸೂರಿಗೆ. ಕನ್ನಡದವನು ‘ಆನೆಯೂ ಹುಲಿಯೂ’ ಎಂದರೆ ಊಟಿ ಕಡೆಯ ತಮಿಳರು ‘ಯಾನೈಯುಮ್ ಪುಲಿಯುಮ್’ ಎನ್ನುತ್ತಾರೆ. ಬತ್ತೇರಿಯಿಂದ ಬಂದ ಮಲಯಾಳಿ ಚಾಲಕ ‘ಆನಯುಂ ಕಡುವಯುಂ’ ಎನ್ನುತ್ತಾನೆ. ಹಳಗನ್ನಡದಲ್ಲಿ ಇದೇ ಮಾತು ‘ಆನೆಯುಂ ಪುಲಿಯುಂ’. 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜನ ಕಾಲದ ಕನ್ನಡದಲ್ಲಿದ್ದ ‘ಉಂ’ ನೆರೆಯ ಎರಡು ನುಡಿಗಳಲ್ಲಿ ಇಂದಿಗೂ ಬಾಯಿಮಾತಾಗಿ ಉಳಿದಿದೆ. ಕನ್ನಡದಲ್ಲಿ ಅದು ‘ಊ’ ಆಗಿದೆ. ‘ಆನೆಯೋ ಹುಲಿಯೋ’ ಎಂಬ ಅನುಮಾನದ ಜೋಡಿಯೂ ಅಷ್ಟೆ. ತಮಿಳಿನಲ್ಲಿ ‘ಯಾನೈಯೋ ಪುಲಿಯೋ’, ಮಲಯಾಳದಲ್ಲಿ ‘ಆನಯೋ ಕಡುವಯೋ’. ಹೀಗೆ ಗಡಿಯ ಮೂರೂ ಕಡೆಯ ಮಕ್ಕಳು ಇಂಗ್ಲಿಷ್ ತರಗತಿಗೆ ಬರುವಾಗ ತರುವ ತಿಳಿವಳಿಕೆ ಒಂದೇ. ಅವರು ಎಡವುವುದೂ ಬಹುಮಟ್ಟಿಗೆ ಒಂದೇ ಕಡೆ.

ಆ ಎಡವುವ ಕಡೆಗಳಲ್ಲಿ ದೊಡ್ಡದು ನೈದರ್–ನಾರ್. ಇದನ್ನು ಸ್ವಲ್ಪ ನಿಂತು ನೋಡಬೇಕು.

“ಬಸ್ಸಾಗಲಿ ಲಾರಿಯಾಗಲಿ ಬರಲಿಲ್ಲ.” ಈ ವಾಕ್ಯದಲ್ಲಿ ‘ಇಲ್ಲ’ ಎಲ್ಲಿದೆ? ಕೊನೆಯಲ್ಲಿ, ಕ್ರಿಯಾಪದದ ಒಳಗೆ. ‘ಆಗಲಿ’ಗೆ ನಿಷೇಧದ ಅರ್ಥವೇ ಇಲ್ಲ. “ಬಸ್ಸಾಗಲಿ ಲಾರಿಯಾಗಲಿ ಬಂದರೆ ಕೈ ಅಡ್ಡ ಹಾಕು” ಎನ್ನುವಾಗಲೂ ಅದೇ ‘ಆಗಲಿ’ ಬರುತ್ತದೆ, ಅಲ್ಲಿ ಯಾವ ನಿಷೇಧವೂ ಇಲ್ಲ. ಇಂಗ್ಲಿಷಿನ ‘ನೈದರ್’ ಹಾಗಲ್ಲ. ಅದು ಬಾಯಿಗೆ ಬಂದ ಕ್ಷಣವೇ ‘ಇಲ್ಲ’ ಎಂದು ಹೇಳಿ ಮುಗಿಸುತ್ತದೆ. ‘ನಾರ್’ ಆ ‘ಇಲ್ಲ’ವನ್ನು ಎರಡನೆಯದಕ್ಕೂ ದಾಟಿಸುತ್ತದೆ. ಆಮೇಲೆ ಬರುವ ಕ್ರಿಯಾಪದಕ್ಕೆ ‘ಇಲ್ಲ’ ಎನ್ನುವ ಕೆಲಸ ಉಳಿಯುವುದಿಲ್ಲ. ಆದ್ದರಿಂದ ಸರಿಯಾದ ವಾಕ್ಯ “ನೈದರ್ ದ ಬಸ್ ನಾರ್ ದ ಲಾರಿ ಕೇಮ್.”

ಕನ್ನಡದ ಮಗು ಬರೆಯುವುದು ಏನು? “ನೈದರ್ ದ ಬಸ್ ನಾರ್ ದ ಲಾರಿ ಡಿಡ್ ನಾಟ್ ಕಮ್.” ಮೇಷ್ಟ್ರು ‘ಡಿಡ್ ನಾಟ್’ ಮೇಲೆ ಕೆಂಪು ಗೀಟು ಎಳೆಯುತ್ತಾರೆ. ಮಗುವಿಗೆ ತಾನು ಮಾಡಿದ ತಪ್ಪೇನೆಂದು ತಿಳಿಯುವುದಿಲ್ಲ. ಯಾಕೆಂದರೆ ತನ್ನ ಭಾಷೆಯಲ್ಲಿ ಕ್ರಿಯಾಪದದಲ್ಲಿ ‘ಇಲ್ಲ’ ಹೇಳದೇ ಹೋದರೆ ವಾಕ್ಯದ ಅರ್ಥವೇ ತಿರುಗಿಬೀಳುತ್ತದೆ. ಮಗು ‘ಬರಲಿಲ್ಲ’ ಎಂದು ಹೇಳಲು ನಿಷ್ಠೆಯಿಂದ ‘ಡಿಡ್ ನಾಟ್ ಕಮ್’ ಬರೆದಿದೆ. “ಯಾರೂ ಬರಲಿಲ್ಲ” ಎನ್ನುವುದಕ್ಕೆ “ಎನಿಬಡಿ ಡಿಡ್ ನಾಟ್ ಕಮ್” ಎಂದು ಬರೆಯುವುದೂ ಇದೇ ಕಾರಣಕ್ಕೆ. ‘ಯಾರೂ’ ಎಂಬಲ್ಲಿ ನಿಷೇಧವಿಲ್ಲ, ‘ನೋಬಡಿ’ಯಲ್ಲಿ ಇದೆ. ಈ ಒಂದು ಸಂಗತಿಯನ್ನು ಬಿಡಿಸಿ ಹೇಳಿದರೆ ಎರಡು ತಪ್ಪು ಒಟ್ಟಿಗೇ ಹೋಗುತ್ತವೆ. ಬಿಡಿಸಿ ಹೇಳದೆ ಗೀಟು ಮಾತ್ರ ಎಳೆದರೆ ಮುಂದಿನ ವಾರವೂ ಅದೇ ತಪ್ಪು ಬರುತ್ತದೆ.

ಇದರ ಜೊತೆಗೇ ಇನ್ನೊಂದು ತಪ್ಪು ಬರುವುದುಂಟು: “ನೈದರ್ ದ ಬಸ್ ಆರ್ ದ ಲಾರಿ.” ‘ನೈದರ್’ಗೆ ‘ನಾರ್’, ‘ಈದರ್’ಗೆ ‘ಆರ್’. ‘ನ’ಕಾರಕ್ಕೆ ‘ನ’ಕಾರ ಎಂದು ಕಿವಿಗೆ ಹೇಳಿಕೊಟ್ಟರೆ ಸಾಕು. ‘ಈದರ್’ ಸರಿಯೋ ‘ಐದರ್’ ಸರಿಯೋ, ‘ನೀದರ್’ ಎನ್ನಬೇಕೋ ‘ನೈದರ್’ ಎನ್ನಬೇಕೋ ಎಂಬ ಚರ್ಚೆ ಸ್ಟಾಫ್ ರೂಮುಗಳಲ್ಲಿ ಆಗಾಗ ನಡೆಯುತ್ತದೆ. ಇಂಗ್ಲಿಷನ್ನೇ ಮನೆಮಾತಾಗಿ ಆಡುವ ದೇಶಗಳಲ್ಲಿ ಎರಡೂ ಉಚ್ಚಾರಣೆ ಬಳಕೆಯಲ್ಲಿವೆ, ಎರಡೂ ಸರಿ.

ಕ್ರಿಯಾಪದ ಏಕವಚನವೋ ಬಹುವಚನವೋ ಎಂಬ ತೊಡಕೂ ಈ ಜೋಡಿಯಲ್ಲೇ ಬರುತ್ತದೆ. ಬಸ್ಸೊಂದು ಕೆಟ್ಟು ನಿಂತಿತು, ಯಾರಿಗೂ ಪೆಟ್ಟಾಗಲಿಲ್ಲ ಎನ್ನೋಣ. “ನೈದರ್ ದ ಡ್ರೈವರ್ ನಾರ್ ದ ಪ್ಯಾಸೆಂಜರ್ಸ್ ವರ್ ಹರ್ಟ್.” ಇಲ್ಲಿ ‘ವರ್’ ಯಾಕೆ? ಕ್ರಿಯಾಪದಕ್ಕೆ ಹತ್ತಿರ ಇರುವುದು ‘ಪ್ಯಾಸೆಂಜರ್ಸ್’, ಅದು ಬಹುವಚನ. ಈದರ್–ಆರ್, ನೈದರ್–ನಾರ್, ನಾಟ್ ಓನ್ಲಿ–ಬಟ್ ಆಲ್ಸೋ ಮೂರರಲ್ಲೂ ಕ್ರಿಯಾಪದ ತನ್ನ ಪಕ್ಕದ ಹೆಸರನ್ನು ನೋಡಿಕೊಂಡು ರೂಪ ತಾಳುತ್ತದೆ. ಬೋತ್–ಅಂಡ್‌ನಲ್ಲಿ ಮಾತ್ರ ಎರಡೂ ಸೇರಿ ಯಾವಾಗಲೂ ಬಹುವಚನ. “ನೀನೋ ನಾನೋ ಹೋಗಬೇಕು” ಎನ್ನುವಾಗ ಕನ್ನಡದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ‘ಬೇಕು’ ಎಲ್ಲರಿಗೂ ಒಂದೇ. ಇಂಗ್ಲಿಷಿನಲ್ಲೂ ಅಂಥ ದಾರಿಯಿದೆ. “ಈದರ್ ಯೂ ಆರ್ ಐ ಮಸ್ಟ್ ಗೋ” ಎಂದರೆ ‘ಮಸ್ಟ್’ ಇಬ್ಬರಿಗೂ ಹೊಂದುತ್ತದೆ. ಮಗು ಕಂಗಾಲಾಗುವ ಬದಲು ಈ ದಾರಿ ಹಿಡಿಯಲಿ.

ಇನ್ನು ‘ಓ’. ಈ ಪುಟ್ಟ ಪ್ರತ್ಯಯ ಕನ್ನಡದಲ್ಲಿ ಎರಡು ಕೆಲಸ ಮಾಡುತ್ತದೆ. “ಆನೆಯೋ ಕಾಟಿಯೋ ರಸ್ತೆಗೆ ಅಡ್ಡ ಬಂತು” ಎಂದರೆ ಎರಡರಲ್ಲಿ ಒಂದು ಬಂದದ್ದು ನಿಜ. “ಬಂದದ್ದು ಆನೆಯೋ ಕಾಟಿಯೋ ತಿಳಿಯದು” ಎಂದರೆ ಅನುಮಾನ. ಮೊದಲನೆಯದು ಇಂಗ್ಲಿಷಿನಲ್ಲಿ ಈದರ್–ಆರ್, ಎರಡನೆಯದು ವೆದರ್–ಆರ್. ಕನ್ನಡದಲ್ಲಿ ಎರಡೂ ‘ಓ–ಓ’ ಆಗಿರುವುದರಿಂದ, ಕೇಳುವವರು ಕೊನೆಯ ಪದದವರೆಗೆ ಕಾಯುತ್ತಾರೆ. ‘ಬಂತು’ ಎಂದು ಮುಗಿಯಿತೋ ‘ತಿಳಿಯದು’ ಎಂದು ಮುಗಿಯಿತೋ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಇಂಗ್ಲಿಷಿನ ಮಾತುಗಾರ ಆ ತೀರ್ಮಾನವನ್ನು ಬಾಯಿ ತೆರೆಯುವಾಗಲೇ ಮಾಡಿಕೊಂಡಿರಬೇಕು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಹೇಳುವವರು ವಾಕ್ಯದ ಮೊದಲಲ್ಲೇ ತಡವರಿಸುವುದಕ್ಕೆ ಇದೊಂದು ಕಾರಣ. ಅವರ ಅರ್ಥ ಇನ್ನೂ ವಾಕ್ಯದ ತುದಿಯಲ್ಲಿ ಕೂತಿರುತ್ತದೆ.

‘ವೆದರ್’ ಬಂದಾಗ ನೆನಪಿಡಬೇಕಾದದ್ದು ಇಷ್ಟು. “ಗೇಟು ತೆಗೆದಿದ್ದಾರೋ ಇಲ್ಲವೋ ಗೊತ್ತಿಲ್ಲ” ಎಂಬುದು “ಐ ಡೋಂಟ್ ನೋ ವೆದರ್ ದ ಗೇಟ್ ಈಸ್ ಓಪನ್ ಆರ್ ನಾಟ್.” ಮಕ್ಕಳು “ವೆದರ್ ಈಸ್ ದ ಗೇಟ್ ಓಪನ್” ಎಂದು ಪ್ರಶ್ನೆಯ ರೂಪದಲ್ಲಿ ಬರೆಯುತ್ತಾರೆ. ವಾಕ್ಯ ಪ್ರಶ್ನೆಯಲ್ಲ, ಗೊತ್ತಿಲ್ಲ ಎಂಬ ಹೇಳಿಕೆ. ಹಾಗಾಗಿ ‘ಗೇಟ್’ ಮೊದಲು, ‘ಈಸ್’ ಆಮೇಲೆ.

ಜೋಡಿ ಪದಗಳ ಜಾಗದ ಪ್ರಶ್ನೆ ತೀವ್ರವಾಗಿ ಏಳುವುದು ನಾಟ್ ಓನ್ಲಿ–ಬಟ್ ಆಲ್ಸೋದಲ್ಲಿ. ಗುಂಡ್ಲುಪೇಟೆಯ ಹೊಲಗಳನ್ನೇ ತೆಗೆದುಕೊಳ್ಳಿ. ಮುಂಗಾರಿನ ತಿಂಗಳುಗಳಲ್ಲಿ ಹೆದ್ದಾರಿಯ ಎರಡೂ ಬದಿ ಚೆಂಡುಹೂ, ಸೂರ್ಯಕಾಂತಿ ಅರಳುತ್ತವೆ. ಓಣಂ ಹತ್ತಿರ ಬಂತೆಂದರೆ ಇಲ್ಲಿನ ಹೂ ಕೇರಳಕ್ಕೆ ಹೋಗುತ್ತದೆ, ಕೇರಳದ ಕುಟುಂಬಗಳು ಹೂವಿನ ಹೊಲ ನೋಡಲು ಇಲ್ಲಿಗೆ ಬರುತ್ತವೆ. “ರೈತರು ಚೆಂಡುಹೂವನ್ನು ಮಾತ್ರವಲ್ಲ, ಸೂರ್ಯಕಾಂತಿಯನ್ನೂ ಬೆಳೆಯುತ್ತಾರೆ.” ಇಂಗ್ಲಿಷಿನಲ್ಲಿ: “ದ ಫಾರ್ಮರ್ಸ್ ಗ್ರೋ ನಾಟ್ ಓನ್ಲಿ ಮ್ಯಾರಿಗೋಲ್ಡ್ ಬಟ್ ಆಲ್ಸೋ ಸನ್‌ಫ್ಲವರ್.” ‘ನಾಟ್ ಓನ್ಲಿ’ ಆದಮೇಲೆ ಒಂದು ಹೂವಿನ ಹೆಸರು, ‘ಬಟ್ ಆಲ್ಸೋ’ ಆದಮೇಲೆ ಇನ್ನೊಂದು ಹೂವಿನ ಹೆಸರು.

ಈಗ ‘ನಾಟ್ ಓನ್ಲಿ’ಯನ್ನು ‘ಗ್ರೋ’ಗಿಂತ ಮೊದಲಿಗೆ ಸರಿಸಿ ನೋಡಿ: “ದ ಫಾರ್ಮರ್ಸ್ ನಾಟ್ ಓನ್ಲಿ ಗ್ರೋ ಮ್ಯಾರಿಗೋಲ್ಡ್...” ಇಲ್ಲಿ ‘ನಾಟ್ ಓನ್ಲಿ’ ಆದಮೇಲೆ ಬಂದಿರುವುದು ‘ಗ್ರೋ’ ಎಂಬ ಕ್ರಿಯೆ. ಹಾಗಾದರೆ ‘ಬಟ್ ಆಲ್ಸೋ’ ಆದಮೇಲೂ ಕ್ರಿಯೆಯೇ ಬರಬೇಕು: “...ಬಟ್ ಆಲ್ಸೋ ಸೆಲ್ ಇಟ್ ಇನ್ ಕೇರಳ.” ಬೆಳೆಯುವುದಷ್ಟೇ ಅಲ್ಲ, ಕೇರಳದಲ್ಲಿ ಮಾರುತ್ತಾರೆ ಕೂಡ. ನೊಗಕ್ಕೆ ಕಟ್ಟುವ ಎತ್ತುಗಳು ಒಂದೇ ಎತ್ತರದವಾಗಿರಬೇಕು ಎಂಬುದು ರೈತರ ಮಕ್ಕಳಿಗೆ ಗೊತ್ತು. ಜೋಡಿ ಪದಗಳ ಹಿಂದೆ ಬರುವ ಮಾತುಗಳಿಗೂ ಅದೇ ನಿಯಮ. ಹೆಸರಿಗೆ ಹೆಸರು, ಕ್ರಿಯೆಗೆ ಕ್ರಿಯೆ, ವಾಕ್ಯಕ್ಕೆ ವಾಕ್ಯ. ಕನ್ನಡದಲ್ಲಿ ‘ಮಾತ್ರ’, ‘ಅಷ್ಟೇ’ ಎಂಬವು ತಮ್ಮ ಪದಕ್ಕೆ ಅಂಟಿಕೊಂಡೇ ಇರುವುದರಿಂದ ಜಾಗ ತಪ್ಪುವ ಪ್ರಮೇಯ ಕಡಿಮೆ. ಇಂಗ್ಲಿಷಿನ ‘ಓನ್ಲಿ’ ಬಿಡಿಪದ, ವಾಕ್ಯದಲ್ಲಿ ಎಲ್ಲಿ ಬೇಕಾದರೂ ಕೂರಬಲ್ಲದು. ಆದ್ದರಿಂದಲೇ ಅದನ್ನು ಕೂರಿಸುವಾಗ ಎಚ್ಚರ ಬೇಕು.

ಪರೀಕ್ಷೆಯ ದೃಷ್ಟಿಯಿಂದ ಮಕ್ಕಳು ಹೆಚ್ಚು ಉರುಹೊಡೆಯುವ ಜೋಡಿ ನೋ ಸೂನರ್–ದ್ಯಾನ್. “ಗಂಟೆ ಒಂಬತ್ತು ಹೊಡೆಯುತ್ತಲೇ ಗೇಟು ಮುಚ್ಚಿತು” ಎಂಬುದು “ನೋ ಸೂನರ್ ಡಿಡ್ ದ ಕ್ಲಾಕ್ ಸ್ಟ್ರೈಕ್ ನೈನ್ ದ್ಯಾನ್ ದ ಗೇಟ್ ಕ್ಲೋಸ್ಡ್” ಎಂದಾಗುತ್ತದೆ. ಈ ಒಂದು ವಾಕ್ಯದಲ್ಲಿ ಮೂರು ಕಡೆ ತಪ್ಪು ನುಸುಳುತ್ತದೆ. ‘ದ್ಯಾನ್’ ಬದಲು ‘ವೆನ್’ ಬರೆಯುವುದು, ‘ಡಿಡ್’ ಮರೆಯುವುದು, ‘ಡಿಡ್’ ಬರೆದ ಮೇಲೂ ‘ಸ್ಟ್ರೈಕ್’ ಬದಲು ‘ಸ್ಟ್ರಕ್’ ಬರೆಯುವುದು. ಮೂರಕ್ಕೂ ಕಾರಣ ಹೇಳಿಕೊಡಬಹುದು.

‘ದ್ಯಾನ್’ ಯಾಕೆ? ‘ಸೂನರ್’ ಎಂಬುದು ‘ಟಾಲರ್’, ‘ಬಿಗ್ಗರ್’ ಇದ್ದ ಹಾಗೆ ಹೋಲಿಕೆಯ ರೂಪ. ಒಂದಕ್ಕಿಂತ ಇನ್ನೊಂದು ಮುಂಚೆ ಎಂದು ಹೇಳುತ್ತದೆ. ಹೋಲಿಕೆಯ ಹಿಂದೆ ‘ದ್ಯಾನ್’ ಬರುವುದನ್ನು ಮಕ್ಕಳು ಮೊದಲೇ ಕಲಿತಿರುತ್ತಾರೆ. ‘ಹಾರ್ಡ್ಲಿ’, ‘ಸ್ಕೇರ್ಸ್ಲಿ’ ಹೋಲಿಕೆಯ ರೂಪಗಳಲ್ಲ, ಆದ್ದರಿಂದ ಅವುಗಳ ಜೋಡಿ ‘ವೆನ್’: “ಹಾರ್ಡ್ಲಿ ಹ್ಯಾಡ್ ದ ಬಸ್ ರೀಚ್ಡ್ ಮದ್ದೂರು ವೆನ್ ದ ಗೇಟ್ ಕ್ಲೋಸ್ಡ್.” ಬಸ್ಸು ಮದ್ದೂರು ಮುಟ್ಟಿತ್ತಷ್ಟೆ, ಗೇಟು ಹಾಕಿದರು.

‘ಡಿಡ್’ ಯಾಕೆ? ಇಂಗ್ಲಿಷಿನಲ್ಲಿ ನಿಷೇಧದ ಅರ್ಥವಿರುವ ಕೆಲವು ಮಾತುಗಳನ್ನು ವಾಕ್ಯದ ತಲೆಗೆ ತಂದರೆ ಅವುಗಳ ನಂತರ ಬರುವ ಭಾಗ ಪ್ರಶ್ನೆಯ ರೂಪಕ್ಕೆ ತಿರುಗುತ್ತದೆ. ನೋ ಸೂನರ್, ಹಾರ್ಡ್ಲಿ, ನಾಟ್ ಓನ್ಲಿ ಎಲ್ಲಕ್ಕೂ ಇದೊಂದೇ ಕಾರಣ. “ನಾಟ್ ಓನ್ಲಿ ಡಿಡ್ ದ ರೇನ್ ಫೇಲ್...” ಎಂದು ಶುರುವಾಗುವುದೂ, “ಹೀ ಡಿಡ್ ನಾಟ್ ಕಮ್, ನಾರ್ ಡಿಡ್ ಹೀ ಫೋನ್” ಎಂದು ‘ನಾರ್’ ಆದಮೇಲೆ ‘ಡಿಡ್’ ಬರುವುದೂ ಇದರಿಂದಲೇ. ಪ್ರಶ್ನೆ ಕೇಳುವಾಗ “ಡಿಡ್ ದ ಕ್ಲಾಕ್ ಸ್ಟ್ರಕ್” ಎಂದು ಯಾರೂ ಬರೆಯುವುದಿಲ್ಲ, ಇಲ್ಲಿಯೂ ಬರೆಯಬಾರದು. ನಾಲ್ಕು ಬೇರೆ ಬೇರೆ ಸೂತ್ರಗಳಾಗಿ ಉರುಹೊಡೆಯುವುದನ್ನು ಹೀಗೆ ಒಂದೇ ನಿಯಮವಾಗಿ ಕಲಿಯಬಹುದು.

‘ದೋ’, ‘ಆಲ್ದೋ’ ವಿಷಯ ಬೇಗ ಮುಗಿಯುತ್ತದೆ. “ಮಳೆ ಬಂದರೂ ಜಾತ್ರೆ ನಡೆಯಿತು” ಎಂಬಲ್ಲಿ ಕನ್ನಡಕ್ಕೆ ‘ಬಂದರೂ’ ಒಂದೇ ಸಾಕು. ಇಂಗ್ಲಿಷಿಗೂ ‘ದೋ’ ಒಂದೇ ಸಾಕು. ಹಳೆಯ ವ್ಯಾಕರಣಗಳು ‘ದೋ’ಗೆ ‘ಯೆಟ್’ ಜೋಡಿ ಕೊಟ್ಟಿದ್ದವು. ಈಗಿನ ಬರವಣಿಗೆಯಲ್ಲಿ ‘ಯೆಟ್’ ಬಿಡುವುದೇ ಹೆಚ್ಚು. ‘ದೋ’ ಜೊತೆ ‘ಬಟ್’ ಮಾತ್ರ ಎಂದೂ ಬರಬಾರದು.

ಕನ್ನಡದ ಮಕ್ಕಳಿಗೆ ತೀರ ಸಲೀಸಾಗಿ ಒಗ್ಗುವ ಎರಡು ಜೋಡಿಗಳಿವೆ. ಪಾಠ ಅವುಗಳಿಂದಲೇ ಶುರುವಾದರೆ ಒಳ್ಳೆಯದು. “ಎಷ್ಟು ಬೇಗ ಹೊರಡುತ್ತೀಯೋ ಅಷ್ಟು ಒಳ್ಳೆಯದು” ಎಂದು ಹಳ್ಳಿಯಲ್ಲಿ ದಿನವೂ ಹೇಳುತ್ತಾರೆ. ಒಂಬತ್ತರೊಳಗೆ ಗೇಟು ದಾಟಬೇಕಾದವರಿಗಂತೂ ಅದು ನಿತ್ಯದ ಮಾತು. ಇಂಗ್ಲಿಷಿನಲ್ಲಿ “ದ ಸೂನರ್ ಯೂ ಸ್ಟಾರ್ಟ್, ದ ಬೆಟರ್.” ‘ಎಷ್ಟು–ಅಷ್ಟು’ ಇದ್ದಲ್ಲಿ ‘ದ–ದ’. ಎರಡನೆಯದು ‘ಎಷ್ಟು–ಎಂದರೆ’. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿಬಂದ ಮಗು “ಮಂಜು ಎಷ್ಟು ದಟ್ಟವಾಗಿತ್ತು ಅಂದ್ರೆ ದೇವಸ್ಥಾನವೇ ಕಾಣಲಿಲ್ಲ” ಎನ್ನುತ್ತದೆ. “ದ ಮಿಸ್ಟ್ ವಾಸ್ ಸೋ ಥಿಕ್ ದ್ಯಾಟ್ ವೀ ಕುಡ್ ನಾಟ್ ಸೀ ದ ಟೆಂಪಲ್.” ‘ಎಷ್ಟು’ ಇದ್ದ ಜಾಗದಲ್ಲೇ ‘ಸೋ’, ‘ಅಂದ್ರೆ’ ಇದ್ದ ಜಾಗದಲ್ಲೇ ‘ದ್ಯಾಟ್’. ಇಲ್ಲಿ ಕನ್ನಡವೂ ಇಂಗ್ಲಿಷೂ ಒಂದೇ ದಿಕ್ಕಿನಲ್ಲಿ ನಡೆಯುತ್ತವೆ. ‘ವೆರಿ ಥಿಕ್ ದ್ಯಾಟ್’ ಎಂದು ಬರೆಯದಂತೆ ಒಂದು ಸಲ ಎಚ್ಚರಿಸಿದರೆ ಸಾಕು.

ಈ ನಿಯಮಗಳು ನಮ್ಮ ಶಾಲೆಗೆ ಬಂದ ದಾರಿ ಉದ್ದದ್ದು. ಮುಂದೆ ಲಂಡನ್ನಿನ ಬಿಷಪ್ ಆದ ರಾಬರ್ಟ್ ಲೌತ್ 1762ರಲ್ಲಿ ಪ್ರಕಟಿಸಿದ ಪುಟ್ಟ ಇಂಗ್ಲಿಷ್ ವ್ಯಾಕರಣದಲ್ಲಿ ಇಂಥ ಜೋಡಿಗಳನ್ನು ಪಟ್ಟಿ ಮಾಡಿದ. 1795ರಲ್ಲಿ ಬಂದ ಲಿಂಡ್ಲಿ ಮರ‍್ರೇಯ ವ್ಯಾಕರಣ ಆ ಪಟ್ಟಿಯನ್ನು ಮುಂದುವರಿಸಿತು. 19ನೆಯ ಶತಮಾನದಲ್ಲಿ ಅದರ ಮುದ್ರಣಗಳಿಗೆ ಲೆಕ್ಕವಿಲ್ಲ. ಭಾರತದ ಶಾಲೆಗಳಿಗೆ ಮೊದಲು ನೆಸ್‌ಫೀಲ್ಡನ ವ್ಯಾಕರಣ, 1930ರ ದಶಕದಿಂದ ರೆನ್ ಮತ್ತು ಮಾರ್ಟಿನ್ ಜೋಡಿಯ ವ್ಯಾಕರಣ ಬಂತು. ಪಿ. ಸಿ. ರೆನ್ ಭಾರತದಲ್ಲಿ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವನು, ‘ಬೋ ಜೆಸ್ಟ್’ ಎಂಬ ಹೆಸರಾದ ಕಾದಂಬರಿ ಬರೆದವನು. ಎರಡು ವಾಕ್ಯ ಕೊಟ್ಟು ಒಂದಾಗಿಸಿ ಎನ್ನುವ ಅಭ್ಯಾಸಗಳನ್ನು ತಲೆಮಾರುಗಳ ಭಾರತೀಯ ವಿದ್ಯಾರ್ಥಿಗಳು ಆ ಪುಸ್ತಕದಿಂದಲೇ ಮಾಡಿದ್ದಾರೆ.

ಎದುರು ದಿಕ್ಕಿನಲ್ಲೂ ಇಂಥದ್ದೇ ಕೆಲಸ ನಡೆದಿತ್ತು. ಕನ್ನಡ ಕಲಿಯಬೇಕಾಗಿದ್ದ ಪಾದ್ರಿಗಳು, ಅಧಿಕಾರಿಗಳು ‘ಊ–ಊ’, ‘ಓ–ಓ’, ‘ಆಗಲಿ–ಆಗಲಿ’ ಕಲಿಯಬೇಕಿತ್ತು. 1872ರಲ್ಲಿ ಶಬ್ದಮಣಿದರ್ಪಣವನ್ನು ಸಂಪಾದಿಸಿ ಅಚ್ಚುಹಾಕಿಸಿದ ಪಾದ್ರಿ ಕಿಟೆಲ್, 1903ರಲ್ಲಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣವನ್ನೇ ಬರೆದ. ಅದು ಪರಭಾಷೆಯವರಿಗೆ ಅವರ ಭಾಷೆಯಲ್ಲೇ ಕನ್ನಡವನ್ನು ವಿವರಿಸುವ ಪುಸ್ತಕ. ಗುಂಡ್ಲುಪೇಟೆಯ ಮಗುವಿಗೆ ಇಂಗ್ಲಿಷನ್ನು ಕನ್ನಡದಲ್ಲೇ ವಿವರಿಸುವ ಅಂಥ ಸೌಕರ್ಯ ಸಿಗಬೇಕಾದದ್ದು ನ್ಯಾಯ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಶುರುವಾಗುತ್ತದೆ. ಅದಕ್ಕೆ ಮೊದಲು ಐದನೆಯ ತರಗತಿಯಿಂದ ಇತ್ತು. ಬೆಂಗಳೂರಿನಲ್ಲಿ 1963ರಲ್ಲಿ ಆರಂಭವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶಿಕ್ಷಕರಿಗೆ ತರಬೇತಿ ಕೊಡುತ್ತ ಬಂದಿದೆ. ಆಕಾಶವಾಣಿಯ ‘ಕೇಳಿ ಕಲಿ’ ಪಾಠಗಳು ಸರ್ಕಾರಿ ಶಾಲೆಗಳ ತರಗತಿಗಳನ್ನು ಮುಟ್ಟಿವೆ. ಆದರೂ ಜೋಡಿ ಸಂಯೋಜಕದ ಪಾಠ ಬಂದಾಗ ಹೆಚ್ಚಿನ ಕಡೆ ನಡೆಯುವುದು ಪಟ್ಟಿ ಬರೆಸುವುದು, ಉದಾಹರಣೆ ಬರೆಸುವುದು, ಬಿಟ್ಟ ಸ್ಥಳ ತುಂಬಿಸುವುದು. ಉದಾಹರಣೆಯಲ್ಲಿ ಬರುವ ಜಾನ್, ಮೇರಿ, ಪೀಟರ್ ಇವರನ್ನು ಕಾಡಂಚಿನ ಹಾಡಿಯ ಜೇನುಕುರುಬರ ಮಗುವಾಗಲಿ, ಗುಂಡ್ಲುಪೇಟೆಯ ರೈತರ ಮಗುವಾಗಲಿ ಕಂಡಿಲ್ಲ. ಅವರು ಚಹಾ ಕುಡಿದರೋ ಕಾಫಿ ಕುಡಿದರೋ ಎಂಬುದರಲ್ಲಿ ಮಗುವಿನ ಮನಸ್ಸು ನಿಲ್ಲುವುದಿಲ್ಲ.

ಜೋಡಿ ಪದಗಳಿಗೆ ಕಿವಿಯ ಪಾಠ ಬಹಳ ಮುಖ್ಯ. “ಈದರ್ ದ ಬಸ್ ಆರ್ ದ ಲಾರಿ” ಎನ್ನುವಾಗ ದನಿಯ ಒತ್ತು ಬೀಳುವುದು ‘ಬಸ್’ ಮೇಲೆ ಮತ್ತು ‘ಲಾರಿ’ ಮೇಲೆ. ‘ಬಸ್’ನಲ್ಲಿ ದನಿ ಏರುತ್ತದೆ, ‘ಲಾರಿ’ಯಲ್ಲಿ ಇಳಿಯುತ್ತದೆ. ಆ ಏರಿಳಿತ ಕಿವಿಗೆ ಬಿದ್ದರೆ ಎರಡನೆಯ ಪದ ಇನ್ನೂ ಬರಬೇಕು ಎಂಬುದು ಮಗುವಿಗೆ ತಾನಾಗಿ ತಿಳಿಯುತ್ತದೆ. ಪುಸ್ತಕದ ಅಕ್ಷರ ಇದನ್ನು ಹೇಳಲಾರದು. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಶುರುಮಾಡಿದ ಕಾಲದಿಂದಲೂ ಈ ಭಾಗದ ಮನೆಗಳಿಗೆ ರೇಡಿಯೊ ಆಪ್ತವಾದದ್ದು. ಭಾಷೆಯ ಪಾಠಕ್ಕೆ ಅದನ್ನು ಇನ್ನಷ್ಟು ಬಳಸಿಕೊಳ್ಳಬಹುದು.

ಇದನ್ನು ಕೇಳುತ್ತಿರುವ, ಓದುತ್ತಿರುವ ಇಂಗ್ಲಿಷ್ ಶಿಕ್ಷಕರಲ್ಲಿ ಒಂದು ವಿನಂತಿ. ಮುಂದಿನ ಸಲ ಈ ಪಾಠ ಬಂದಾಗ ಪಟ್ಟಿಯಿಂದ ಶುರುಮಾಡಬೇಡಿ. ಮಕ್ಕಳಿಗೆ ಅವರ ಊರಿನ ವಾಕ್ಯಗಳನ್ನು ಅವರ ಮಾತಿನಲ್ಲೇ ಹೇಳಲು ಬಿಡಿ: ಬಸ್ಸು ಬಂತೋ ಇಲ್ಲವೋ, ಆನೆಯೂ ಬಂತು ಮಳೆಯೂ ಬಂತು, ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ಅವನ್ನು ಕರಿಹಲಗೆಯ ಮೇಲೆ ಬರೆದು ‘ಊ’, ‘ಓ’, ‘ಆಗಲಿ’, ‘ಅಷ್ಟು’ಗಳಿಗೆ ಸುತ್ತು ಹಾಕಿಸಿ. ‘ಇಲ್ಲ’ ಎಲ್ಲಿದೆ ಎಂದು ಕೇಳಿ, ಮಕ್ಕಳೇ ಬೆರಳಿಟ್ಟು ತೋರಿಸಲಿ. ಆಮೇಲೆ ಅದೇ ವಾಕ್ಯದ ಇಂಗ್ಲಿಷನ್ನು ಪಕ್ಕದಲ್ಲಿ ಬರೆದು ಎರಡನ್ನೂ ಗಟ್ಟಿಯಾಗಿ ಓದಿಸಿ. ಬಿಟ್ಟ ಸ್ಥಳ ತುಂಬುವ ಅಭ್ಯಾಸ ಎಲ್ಲಕ್ಕಿಂತ ಕೊನೆಗೆ ಬರಲಿ. ಕನ್ನಡ ಬಳಸಿದರೆ ಇಂಗ್ಲಿಷ್ ಕೆಡುತ್ತದೆ ಎಂಬ ಭಯ ಬೇಡ. ನೈದರ್–ನಾರ್ ವಾಕ್ಯಕ್ಕೆ ಮಗು ‘ಡಿಡ್ ನಾಟ್’ ಸೇರಿಸುವುದು ಯಾಕೆಂದು ವಿವರಿಸಲು ಕನ್ನಡವೇ ಬೇಕು. ತಂದೆತಾಯಂದಿರಿಗೂ ಒಂದು ಮಾತು: ಮಗು ಮನೆಯಲ್ಲಿ ಈ ವಾಕ್ಯಗಳನ್ನು ಗಟ್ಟಿಯಾಗಿ ಓದುತ್ತಿದ್ದರೆ, ನಿಮಗೆ ಇಂಗ್ಲಿಷ್ ಬರಲಿ ಬಿಡಲಿ, ಪಕ್ಕದಲ್ಲಿ ಕೂತು ಕೇಳಿ.